ನೆಗೆಟಿವ್ ಇಲ್ಲದ ಫೋಟೋ

ಶ್ರೀರಂಗಪಟ್ಟಣದ ಪೇಟೆ ಬೀದಿಯಲ್ಲಿ, ಹೊನ್ನಪ್ಪನ ಟೈಲರ್ ಅಂಗಡಿಯ ಪಕ್ಕ, ಅಣ್ಣಮ್ಮನ ಸ್ಟುಡಿಯೋ ಇತ್ತು. ಮದುವೆಗೆ ನಾಮಕರಣಕ್ಕೆ ಕರೆಯುವವರು ಅವಳನ್ನು ಸ್ಟುಡಿಯೋ ಅಣ್ಣಮ್ಮ ಎನ್ನುತ್ತಿದ್ದರು. ಪೊಲೀಸರೂ ಪೊಲೀಸರ ಕೈಗೆ ಸಿಕ್ಕಿದ ಮನೆಗಳವರೂ ಹೆಣದ ಅಣ್ಣಮ್ಮ ಎನ್ನುತ್ತಿದ್ದರು. ಈ ಎರಡನೆಯ ಹೆಸರು ಅವಳಿಗೆ ಕೇಳಿಸುತ್ತಿರಲಿಲ್ಲ ಎಂದಲ್ಲ. ಎಡಗಿವಿ ಹೋಗಿತ್ತು, ಬಲಗಿವಿ ಚೆನ್ನಾಗಿಯೇ ಇತ್ತು.

ಎಡಗಿವಿ ಹೋದದ್ದು ಗಂಡ ಸೋಮಯ್ಯನ ಕೈಯಿಂದ. ಸ್ಟುಡಿಯೋ ಶುರು ಮಾಡಿದವನು ಅವನೇ. ಕೆಲಸದಲ್ಲಿ ಗಟ್ಟಿ, ಕೈ ಮಾತ್ರ ಬೇಗ ಮೇಲೇಳುತ್ತಿತ್ತು. ಮದುವೆಯಾದ ಎರಡನೆಯ ವರ್ಷ, ಅವನು ಡಾರ್ಕ್ ರೂಮಿನೊಳಗೆ ಅರಕೆರೆಯ ಒಂದು ಮದುವೆಯ ರೀಲು ತೊಳೆಯುತ್ತಿದ್ದಾಗ ಅಣ್ಣಮ್ಮ ಕಾಫಿ ಹಿಡಿದು ಬಾಗಿಲು ತೆಗೆದಳು. ಬೆಳಕು ನುಗ್ಗಿ ರೀಲು ಪೂರ್ತಿ ಕಪ್ಪಾಯಿತು. ಸೋಮಯ್ಯ ಅವಳನ್ನು ಒಳಗೆಳೆದುಕೊಂಡು ಬಾಗಿಲು ಹಾಕಿದ, ಕೆಂಪು ಬಲ್ಬು ಹಾಕಿದ, ಪ್ರಿಂಟು ಒತ್ತುವ ಮರದ ಹಲಗೆಯಿಂದ ಹೊಡೆದ. ಮೂರನೆಯ ಏಟು ಕಿವಿಗೆ ಬಿತ್ತು. ಕೆಂಪು ಬೆಳಕಿನಲ್ಲಿ ರಕ್ತ ಕೆಂಪಗೆ ಕಾಣುವುದಿಲ್ಲ, ನೀರಿನ ಹಾಗೆ ಕಾಣುತ್ತದೆ. ಕಾಫಿ ಚೆಲ್ಲಿದೆ ಎಂದುಕೊಂಡು ಅವಳು ಕತ್ತು ಒರೆಸಿಕೊಂಡಳು. ಹೊರಗೆ ಬಿಸಿಲಿಗೆ ಬಂದ ಮೇಲೆ ರವಿಕೆ ತೋಯ್ದಿರುವುದು ಏನೆಂದು ಗೊತ್ತಾಯಿತು.

ಹೊಡೆದವನೇ ಆಮೇಲೆ ಕೆಲಸವನ್ನೂ ಕಲಿಸಿದ. ಬೆಳಕು ಎಲ್ಲಿಂದ ಬೀಳಬೇಕು, ಮದುಮಗಳ ಗದ್ದವನ್ನು ಎಷ್ಟು ಎತ್ತಿಸಬೇಕು, ಫ್ಲ್ಯಾಶ್ ಹೊಡೆದಾಗ ಕಣ್ಣು ಮುಚ್ಚುವವರನ್ನು ಹೇಗೆ ಮಾತಿಗೆ ಎಳೆಯಬೇಕು, ಎಲ್ಲ ಹೇಳಿಕೊಟ್ಟ. ಸೀಮಂತಗಳಿಗೆ ಅವಳನ್ನೇ ಕಳಿಸುತ್ತಿದ್ದ.

ಎಂಬತ್ತೊಂಬತ್ತನೇ ಇಸವಿಯ ಒಂದು ಬೆಳಗ್ಗೆ ಪೊಲೀಸ್ ಪೇದೆಯೊಬ್ಬ ಅಂಗಡಿಗೆ ಬಂದ. "ಸೋಮಯ್ಯ ಎಲ್ಲಮ್ಮ? ಗಣಂಗೂರ ತಾವ ಲಾರಿ ಒಡದಾಕ್ಬುಟ್ಟದೆ. ಯಾರ್ದೋ ಹೆಣ, ಮಕ ಗುರ್ತು ಸಿಕ್ಕಾಕಿಲ್ಲ. ಫೋಟೋ ಬೇಕು" ಅಂದ. ಸೋಮಯ್ಯ ಮಂಡ್ಯಕ್ಕೆ ಹೋದವನು ಇನ್ನೂ ಬಂದಿರಲಿಲ್ಲ. ಬಂದ ಕೆಲಸ ಬಿಡಬಾರದೆಂದು ಅಣ್ಣಮ್ಮನೇ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಜೀಪು ಹತ್ತಿದಳು. ರಸ್ತೆಯ ಮೇಲೆ ಸ್ಕೂಟರು ಚಪ್ಪಟೆಯಾಗಿತ್ತು. ಹೆಣದ ತಲೆಯ ಅರ್ಧ ಲಾರಿಯ ಗಾಲಿಗೆ ಹೋಗಿತ್ತು. ಉಳಿದದ್ದರ ಮೇಲೆ ನೀಲಿ ಗೆರೆಯ ಅಂಗಿ ಇತ್ತು, ಹಿಂದಿನ ದಿನ ಅವಳೇ ಇಸ್ತ್ರಿ ಮಾಡಿದ ಅಂಗಿ. ಅವಳು ಕ್ಯಾಮೆರಾ ಕಣ್ಣಿಗಿಟ್ಟು ನಾಲ್ಕು ಕಡೆಯಿಂದ ನಾಲ್ಕು ಫೋಟೋ ತೆಗೆದಳು. ನಾಲ್ಕೂ ಅಲುಗದೆ ಬಂದವು. ಆಮೇಲೆ ರಸ್ತೆಯ ಮೇಲೆ ಕೂತು, "ನಮ್ ಯಜಮಾನ್ರು ಕಣಪ್ಪ" ಎಂದು ಪೇದೆಗೆ ಹೇಳಿದಳು.

ಆ ನಾಲ್ಕು ಫೋಟೋದಿಂದ ಪೊಲೀಸರಿಗೆ ಅವಳ ಮೇಲೆ ನಂಬಿಕೆ ಬಂತು. ಮುಂದಿನ ಒಂಬತ್ತು ವರ್ಷ ತಾಲ್ಲೂಕಿನಲ್ಲಿ ಎಲ್ಲಿ ಹೆಣ ಬಿದ್ದರೂ ಅಣ್ಣಮ್ಮ ಹೋದಳು. ಅರಕೆರೆಯ ತೂಬಿಗೆ ಸಿಕ್ಕಿಕೊಂಡು ಮೂರು ದಿನ ಉಬ್ಬಿದವರು, ಬದುವಿನ ಜಗಳದಲ್ಲಿ ಕಬ್ಬಿನ ಗದ್ದೆಯೊಳಗೆ ಕುಡುಗೋಲಿನಿಂದ ಹೊಟ್ಟೆ ಸೀಳಿಸಿಕೊಂಡವನು, ಸ್ಟೌ ಸಿಡಿದು ಸತ್ತಳೆಂದು ಅತ್ತೆಮನೆಯವರು ಹೇಳುತ್ತಿದ್ದ ಹತ್ತೊಂಬತ್ತರ ಹುಡುಗಿ. ಆ ಹುಡುಗಿಯ ಮೈ ಸುಟ್ಟಿತ್ತು, ಅಂಗಾಲು ಸುಟ್ಟಿರಲಿಲ್ಲ, ಮಣಿಕಟ್ಟಿನಲ್ಲಿ ಹಗ್ಗದ ಗುರುತಿತ್ತು. ಅಣ್ಣಮ್ಮ ಯಾರೂ ಹೇಳದೆಯೇ ಮಣಿಕಟ್ಟನ್ನು ಹತ್ತಿರದಿಂದ ತೆಗೆದಿದ್ದಳು. ಮನೆಗೆ ಬಂದು ಬಚ್ಚಲಲ್ಲಿ ಕೈ ತೊಳೆದುಕೊಂಡು ಊಟಕ್ಕೆ ಕೂರುತ್ತಿದ್ದಳು. ಡಾರ್ಕ್ ರೂಮಿಗೆ ಮಾತ್ರ ಸೋಮಯ್ಯ ಸತ್ತ ಮೇಲೆ ಕಾಲಿಡಲಿಲ್ಲ. ಅದರೊಳಗೆ ಹಳೇ ಪರದೆ, ಮುರಿದ ಕುರ್ಚಿ ತುಂಬಿದಳು. ಕಲರ್ ಬಂದಿದ್ದರಿಂದ ರೀಲುಗಳೆಲ್ಲ ಮೈಸೂರಿನ ಲ್ಯಾಬಿಗೆ ಹೋಗುತ್ತಿದ್ದವು. ಅಲ್ಲಿನ ಗಂಡಸರು ಹೆಣದ ರೀಲು ಬಂದರೆ ಸುತ್ತ ಸೇರಿ ನೋಡುತ್ತಾರೆಂಬುದು ಅವಳಿಗೆ ಗೊತ್ತಿತ್ತು.

ತೊಂಬತ್ತೆಂಟರ ಬೇಸಿಗೆಯಲ್ಲಿ ಸಹನ ಎಂಬ ಇಂಜಿನಿಯರ್ ಹುಡುಗಿ ಸ್ಟುಡಿಯೋಗೆ ಬಂದಳು. ನಾಲೆಯ ಕಟ್ಟಡ ಎಲ್ಲೆಲ್ಲಿ ಬಿರುಕು ಬಿಟ್ಟಿದೆ ಎಂದು ಸರ್ವೆ ಮಾಡುವ ಮೈಸೂರಿನ ಖಾಸಗಿ ಕಂಪನಿಯವಳು. ಕೆ.ಆರ್.ಎಸ್.ನಿಂದ ಅರಕೆರೆಯ ಆಚೆಯವರೆಗೆ ಪ್ರತಿ ತೂಬಿನ ಫೋಟೋ ಬೇಕಿತ್ತು, ತೆಗೆದುಕೊಡಲು ಅಣ್ಣಮ್ಮನನ್ನು ಗೊತ್ತು ಮಾಡಿಕೊಂಡಳು. ಬ್ಯಾಗಿನಿಂದ ಟಿಫನ್ ಡಬ್ಬಿಯಷ್ಟು ದಪ್ಪನೆಯ ಒಂದು ಸಾಮಾನು ತೆಗೆದು ಮೇಜಿನ ಮೇಲಿಟ್ಟಳು.

"ಇದು ಡಿಜಿಟಲ್ ಕ್ಯಾಮೆರಾ ಅಣ್ಣಮ್ಮನವರೇ. ರೀಲ್ ಬೇಡ."

"ರೀಲ್ ಇಲ್ದೆ ಎಲ್ ಕೂತ್ಕತದೆ ಚಿತ್ರ?"

ಸಹನ ಚೌಕಾಕಾರದ ಕಪ್ಪು ಫ್ಲಾಪಿಯೊಂದನ್ನು ಅದರ ಬೆನ್ನಿಗೆ ತುರುಕಿದಳು. ಬಾಗಿಲಲ್ಲಿ ನಿಂತಿದ್ದ ಹೊನ್ನಪ್ಪನ ಕಡೆ ಹಿಡಿದು ಗುಂಡಿ ಒತ್ತಿದಳು. ಕ್ಯಾಮೆರಾ ಹಿಟ್ಟಿನ ಗಿರಣಿಯ ಹಾಗೆ ಕರಕರ ಎಂದಿತು. ಹಿಂದಿನ ಪುಟ್ಟ ಗಾಜಿನ ಮೇಲೆ ಕತ್ತಿಗೆ ಟೇಪು ಹಾಕಿಕೊಂಡ ಹೊನ್ನಪ್ಪ ಬಂದು ನಿಂತ. ಹೊನ್ನಪ್ಪ ತನ್ನನ್ನು ತಾನೇ ನೋಡಿ, "ಇದ್ಯಾಕೆ ಇಷ್ಟ್ ಮುದುಕ ಆಗಿವ್ನಿ?" ಅಂದ.

ಅಣ್ಣಮ್ಮನಿಗೆ ಆ ಕ್ಯಾಮೆರಾ ಮೊದಲು ಹಿಡಿಸಲಿಲ್ಲ. ಕಣ್ಣಿಡುವ ಕಿಂಡಿಯೇ ಇರಲಿಲ್ಲ. ಬಿಸಿಲಿಗೆ ಹೋದರೆ ಗಾಜಿನ ಮೇಲೆ ಏನೂ ಕಾಣದೆ, ಸೆರಗನ್ನು ತಲೆಯ ಮೇಲೆ ಮುಸುಕು ಹಾಕಿಕೊಂಡು ಬಗ್ಗಿ ನೋಡಬೇಕಾಗಿತ್ತು. ಚಿತ್ರವೂ ರವೆ ಚೆಲ್ಲಿದ ಹಾಗೆ ಒರಟು. ಎಲ್ಲಕ್ಕಿಂತ ಅವಳನ್ನು ಹೆದರಿಸಿದ್ದು ಅಳಿಸುವ ಗುಂಡಿ. ನಾಲೆಯ ಏರಿಯಲ್ಲಿ ಅಡ್ಡ ಬಂದ ಎಮ್ಮೆಯ ಚಿತ್ರವನ್ನು ಸಹನ ಒಂದೇ ಒತ್ತಿಗೆ ಇಲ್ಲವಾಗಿಸಿದಾಗ ಅಣ್ಣಮ್ಮ, "ಅದು ಓಗಿದ್ದೆಲ್ಲಿಗೆ?" ಎಂದು ಎರಡು ಸಲ ಕೇಳಿದಳು. ಎಲ್ಲಿಗೂ ಹೋಗಲಿಲ್ಲ ಎಂಬ ಉತ್ತರ ಅವಳಿಗೆ ಸರಿಬರಲಿಲ್ಲ. ಅವಳ ಕಪಾಟಿನಲ್ಲಿ ಇಪ್ಪತ್ತು ವರ್ಷದ ನೆಗೆಟಿವ್‌ಗಳಿದ್ದವು, ಕೆಟ್ಟವೂ ಸೇರಿ.

ಸರ್ವೆಯ ಎರಡು ತಿಂಗಳು ಕ್ಯಾಮೆರಾ ಅಣ್ಣಮ್ಮನ ಬಳಿಯೇ ಇತ್ತು. ಆ ದಿನಗಳಲ್ಲೇ ಒಂದು ಮಧ್ಯಾಹ್ನ ಪ್ರಮೀಳಾ ಬಂದಳು.

ಪ್ರಮೀಳಾ ನಾಗಮಂಗಲದ ಕಡೆಯ ಹುಡುಗಿ. ಮೂರು ವರ್ಷದ ಹಿಂದೆ ಪಾಲಹಳ್ಳಿಯ ರವೀಂದ್ರನಿಗೆ ಕೊಟ್ಟಿದ್ದರು, ಮದುವೆಯ ಆಲ್ಬಂ ಮಾಡಿದ್ದು ಅಣ್ಣಮ್ಮನೇ. ರವೀಂದ್ರನಿಗೆ ಜಲ್ಲಿ ಕ್ರಷರ್ ಇತ್ತು, ಜೀಪಿತ್ತು. ಈಗ ಪ್ರಮೀಳಾ ತರಕಾರಿ ಚೀಲ ಹಿಡಿದು ಒಳಗೆ ಬಂದು, ಕುರ್ಚಿಗೆ ಒರಗದೆ ತುದಿಯಲ್ಲಿ ಕೂತಳು.

"ಒಂದ್ ಫೋಟೋ ತೆಗಿಬೇಕು ಅಕ್ಕ. ಆದ್ರೆ ಮೈಸೂರ್ ಲ್ಯಾಬಿಗೆ ಓಗಂಗಿಲ್ಲ. ಯಾರ್ ಕಣ್ಗೂ ಬೀಳಂಗಿಲ್ಲ."

"ಅಂಗಾದ್ರೆ ಯಾವ ಫೋಟೋನವ್ವ ಅದು?"

ಪ್ರಮೀಳಾ ಎದ್ದು, ಅತ್ತ ತಿರುಗಿ, ಸೆರಗು ಜಾರಿಸಿದಳು. ಕುಪ್ಪಸದ ಹಿಂಬದಿ ಬೆನ್ನಿಗೆ ಅಂಟಿಕೊಂಡಿತ್ತು. ಅಣ್ಣಮ್ಮ ಎದ್ದು ಹೋಗಿ ಬಾಗಿಲು ಹಾಕಿದಳು. ಬಟ್ಟಲಲ್ಲಿ ನೀರು ತಂದು, ಬಟ್ಟೆಯನ್ನು ನೆನೆಸಿ ನೆನೆಸಿ ಬಿಡಿಸಿದಳು.

ಆದದ್ದನ್ನು ಪ್ರಮೀಳಾ ಗೋಡೆಗೆ ಮುಖ ಮಾಡಿಕೊಂಡೇ ಹೇಳಿದಳು. ರವೀಂದ್ರ ತಿಂಗಳ ಹಿಂದೆ ಮೊಬೈಲ್ ಫೋನು ತಂದಿದ್ದ. ಪಾಲಹಳ್ಳಿಗೆ ಅದೇ ಮೊದಲು. ಕಪ್ಪಗೆ, ಅಂಗೈಗಿಂತ ಉದ್ದ, ತಲೆಯ ಮೇಲೆ ಕಡ್ಡಿ. ಮೊದಲ ದಿನ ಅಂಗಳದ ತುಂಬ ಜನ ಸೇರಿದ್ದರು. ಅತ್ತೆ ಚಿಕ್ಕಬೋರಮ್ಮ ಅದಕ್ಕೆ ಆರತಿ ಎತ್ತಿದ್ದಳು. ತಂತಿಯಿಲ್ಲದೆ ಮಾತು ಬರುವುದಾದರೆ ಊರವರ ಮಾತೆಲ್ಲ ಅದರೊಳಕ್ಕೆ ಹೋಗುವುದಿಲ್ಲವೇ ಎಂದು ಒಬ್ಬ ಮುದುಕ ಕೇಳಿದ್ದ. ಮೈಸೂರಿನ ಟವರಿನ ಸಿಗ್ನಲ್ಲು ಮನೆಯೊಳಗೆ ಸಿಗುತ್ತಿರಲಿಲ್ಲ, ತಾರಸಿಯ ಮೇಲೆ ನೀರಿನ ತೊಟ್ಟಿಯ ಕಟ್ಟೆಯಲ್ಲಿಟ್ಟರೆ ಮಾತ್ರ ಸಿಗುತ್ತಿತ್ತು. ಮೂರು ದಿನದ ಹಿಂದೆ ಅವನು ಸ್ನಾನಕ್ಕೆ ಹೋಗಿದ್ದಾಗ ಪ್ರಮೀಳಾ ತಾರಸಿಯಲ್ಲಿ ಮೆಣಸಿನಕಾಯಿ ಹರಡುತ್ತಿದ್ದಳು. ಫೋನು ಕೂಗಿತು. ಎತ್ತಿಕೊಂಡಳು. ಯಾವ ಗುಂಡಿ ಎಂದು ಗೊತ್ತಿರಲಿಲ್ಲ. ಕೆಂಪಗಿರುವುದನ್ನು ಒತ್ತಿದಳು, ಸುಮ್ಮನಾಯಿತು. ಮತ್ತೆ ಕೂಗಿತು. ಮತ್ತೆ ಅದನ್ನೇ ಒತ್ತಿದಳು. ಮೂರು ಸಲ ಹಾಗಾಯಿತು.

"ಕೆ.ಆರ್. ಪೇಟೆ ರೋಡ್ ಕೆಲ್ಸದೋರು ಮಾಡಿದ್ರಂತೆ. ಬೇಕು ಅಂತ ಕಟ್ ಮಾಡ್ತಾವ್ನೆ ಅಂದ್ಕಂಡು ಜಲ್ಲಿನ ಇನ್ನೊಬ್ಬನಿಗೆ ಏಳ್ಬುಟ್ರು. ಆ ಫೋನಿನ ಚಾರ್ಜರ್ ವೈರ್ ಅದೆಯಲ್ಲ ಅಕ್ಕ, ಅದ್ನ ಎರಡು ಮಡಿಕೆ ಮಾಡ್ಕಂಡು ಒಡೆದ್ರು. ತುದಿಲಿ ಪಿನ್ನಿರೋ ಗಟ್ಟಿ ತಲೆ ಅದೆ. ಅದು ಬಿದ್ದ ಕಡೆ ಕಿತ್ಕಂಡು ಬತ್ತಿತ್ತು."

"ತಾರಸಿ ಮ್ಯಾಲೇನಾ?"

"ತಾರಸಿ ಮ್ಯಾಲೆ. ಅಕ್ಕಪಕ್ಕದೋರೆಲ್ಲ ನಿಂತಿದ್ರು. ನಮ್ಮತ್ತೆ ಕೆಳಗಿಂದ, ಒಳಿಕ್ಕೆ ಕರ್ಕಬಂದು ಒಡಿಲಾ, ಜನ ನೋಡ್ತಾವ್ರೆ ಅಂದ್ರು."

ಅಣ್ಣಮ್ಮ ಕಿಟಕಿಯ ಪರದೆಯನ್ನು ಅರ್ಧ ಸರಿಸಿ ಬೆಳಕು ಅಡ್ಡದಿಂದ ಬೀಳುವ ಹಾಗೆ ಮಾಡಿದಳು. ಬೆನ್ನಿನ ಮೇಲೆ ಬಾಸುಂಡೆಗಳು ಒಂದರ ಮೇಲೊಂದು ಬಿದ್ದು ಸೊಂಟದವರೆಗೆ ಇಳಿದಿದ್ದವು. ಭುಜದ ಹಿಂದೆ ಮೂರು ಕಡೆ ಚರ್ಮ ಎದ್ದಿತ್ತು. ಅವಳು ತೆಗೆದ ಹೆಣಗಳು ಉಸಿರಾಡುತ್ತಿರಲಿಲ್ಲ, ಈ ಬೆನ್ನು ಏರಿಳಿಯುತ್ತಿತ್ತು. ಮೊದಲ ಚಿತ್ರ ಕದಡಿತು. ಅವಳು ಮೇಜಿಗೆ ಮೊಣಕೈ ಊರಿ ಇನ್ನೂ ಎರಡು ತೆಗೆದಳು. ಆಮೇಲೆ ಪ್ರಮೀಳಾಳನ್ನು ತಿರುಗಿಸಿ, ಮುಖವೂ ಭುಜದ ಗಾಯವೂ ಒಟ್ಟಿಗೆ ಬರುವಂತೆ ಒಂದು.

"ನೋಡ್ತೀಯಾ?"

ಪ್ರಮೀಳಾ ಕ್ಯಾಮೆರಾವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ತನ್ನ ಬೆನ್ನನ್ನು ಅವಳು ಆವರೆಗೆ ನೋಡಿರಲಿಲ್ಲ. ಬಹಳ ಹೊತ್ತು ನೋಡಿದಳು.

"ಇಷ್ಟು ಅಂತ ಗೊತ್ತಿರ್ನಿಲ್ಲ ಅಕ್ಕ. ಉರಿ ಇತ್ತು. ಇಷ್ಟು ಅಂತ ಗೊತ್ತಿರ್ನಿಲ್ಲ."

"ಬ್ಯಾಡ ಅಂದ್ರೆ ಈಗ್ಲೇ ಅಳಿಸ್ಬೋದು. ಈ ಗುಂಡಿ. ಎಲ್ಲೂ ಉಳಿಯಾಕಿಲ್ಲ."

ಪ್ರಮೀಳಾ ಗುಂಡಿಯನ್ನು ನೋಡಿದಳು, ಅಣ್ಣಮ್ಮನನ್ನು ನೋಡಿದಳು. "ಇರ್ಲಿ" ಅಂದಳು.

ಪೊಲೀಸ್ ಸ್ಟೇಷನ್ನಿಗೆ ಹೋಗೋಣ ಎಂದರೆ ಒಪ್ಪಲಿಲ್ಲ. ಬೆನ್ನಿಗೆ ಕೊಬ್ಬರಿ ಎಣ್ಣೆ ಹಚ್ಚಿಸಿಕೊಂಡು, ಅಣ್ಣಮ್ಮನ ರವಿಕೆಯೊಂದನ್ನು ತೊಟ್ಟು, ಚೀಲ ಹಿಡಿದು ಪಾಲಹಳ್ಳಿಯ ಬಸ್ಸು ಹತ್ತಿದಳು. ಅಣ್ಣಮ್ಮ ಆ ಫ್ಲಾಪಿಯನ್ನು ಹೊರತೆಗೆದು, ಅದರ ಚೀಟಿಯ ಮೇಲೆ "ತೂಬು" ಎಂದು ಬರೆದು, ರಸೀತಿ ಪುಸ್ತಕದ ಕೆಳಗಿಟ್ಟಳು. ಸರ್ವೆ ಮುಗಿದಾಗ ಕ್ಯಾಮೆರಾವನ್ನೂ ಉಳಿದ ಫ್ಲಾಪಿಗಳನ್ನೂ ಸಹನಳಿಗೆ ಒಪ್ಪಿಸಿದಳು. ಒಂದು ಹಾಳಾಯಿತು ಎಂದು ಸುಳ್ಳು ಹೇಳಿದಳು.

ಮುಂದೆ ಎರಡು ತಿಂಗಳಿಗೆ, ಆಷಾಢ ಕಳೆದ ಮೇಲೆ, ರವೀಂದ್ರ ಊಟದ ತಟ್ಟೆ ಎಸೆದು ಎದ್ದು ಮತ್ತೆ ವೈರು ಕೈಗೆ ತೆಗೆದುಕೊಂಡ. ಬೆನ್ನಿನ ಗಾಯ ಆ ಹೊತ್ತಿಗೆ ಮಾಸಿ ಚರ್ಮಕ್ಕೆ ಸೇರಿತ್ತು. ಪ್ರಮೀಳಾ ಈ ಸಲ ಮೂಲೆಗೆ ಸರಿಯಲಿಲ್ಲ.

"ಒಡೀರಿ. ಓದ್ಸಲ ಒಡದಿದ್ದು ಫೋಟೋ ಆಗದೆ. ಇದೂ ಆಯ್ತದೆ."

ಎತ್ತಿದ ಕೈ ಹಾಗೇ ನಿಂತಿತು. ಯಾವ ಫೋಟೋ, ಎಲ್ಲಿ, ಯಾರು ಎಂದು ಅವನು ಕೇಳಿದ. ಅವಳು ಹೇಳಲಿಲ್ಲ. ಅವಳ ಕೂದಲು ಹಿಡಿದು ಕೋಣೆಗೆ ನೂಕಿ ಚಿಲಕ ಹಾಕಿದ. ಹೇಳಬೇಕಾದ ಅಗತ್ಯವೂ ಇರಲಿಲ್ಲ, ಹೆಂಗಸು ಹೆಂಗಸಿನ ಬಳಿ ತೆಗೆಸಿಕೊಳ್ಳುವ ಸ್ಟುಡಿಯೋ ಸುತ್ತಮುತ್ತ ಒಂದೇ. ಜೀಪಿನ ಸೀಟಿನ ಕೆಳಗೆ ಯಾವಾಗಲೂ ಇರುತ್ತಿದ್ದ ಮಚ್ಚನ್ನು ನೋಡಿಕೊಂಡು ಅವನು ಶ್ರೀರಂಗಪಟ್ಟಣಕ್ಕೆ ಹೊರಟ.

ಅಣ್ಣಮ್ಮ ಮೇಜಿನ ಹಿಂದೆ ಕೂತು ಆಲ್ಬಂ ಒಂದಕ್ಕೆ ಅಂಟು ಹಾಕುತ್ತಿದ್ದಳು. ರವೀಂದ್ರ ಒಳಗೆ ಬಂದವನೇ ಮಚ್ಚನ್ನು ಮೇಜಿನ ಮೇಲೆ ಅಡ್ಡಡ್ಡ ಇಟ್ಟ. "ನೆಗೆಟಿವ್ ಕೊಡು" ಅಂದ.

"ಯಾವ ನೆಗೆಟಿವ್?"

ಬಾಯಿಯ ಮೇಲೆ ಹೊಡೆದ. ಅವಳು ಕುರ್ಚಿಸಮೇತ ಹಿಂದಕ್ಕೆ ಬಿದ್ದಳು. ಹಲ್ಲೊಂದು ನಾಲಗೆಗೆ ಸಿಕ್ಕಿತು.

"ನನ್ ಎಂಡ್ರುದು."

"ಅದಕ್ಕೆ ನೆಗೆಟಿವ್ ಇಲ್ಲ ಕಣಪ್ಪ."

ಅವಳು ಹೇಳಿದ್ದು ನಿಜ. ಅದನ್ನು ಅವನು ನಂಬುವುದು ಸಾಧ್ಯವಿರಲಿಲ್ಲ. ಕಪಾಟು ಎಳೆದು ಬೀಳಿಸಿದ. ಇಪ್ಪತ್ತು ವರ್ಷದ ಲಕೋಟೆಗಳು ನೆಲಕ್ಕೆ ಸುರಿದವು. ತೊಳೆಯದ ರೀಲುಗಳನ್ನು ಡಬ್ಬಿಯಿಂದ ಎಳೆದೆಳೆದು ಬೆಳಕಿಗೆ ಹಿಡಿದ. ಪಾಂಡವಪುರದ ಒಂದು ಗೃಹಪ್ರವೇಶ, ಯಾರದೋ ಮಗುವಿನ ಮೊದಲ ಹುಟ್ಟುಹಬ್ಬ, ಎಲ್ಲ ಅವನ ಕಾಲ ಸುತ್ತ ಕರಿ ಸುರುಳಿಯಾಗಿ ಬಿದ್ದವು. ಅವಳ ಕ್ಯಾಮೆರಾ ಎತ್ತಿ ಗೋಡೆಗೆ ಹೊಡೆದ. ಮೇಜಿನ ಮೇಲಿದ್ದದ್ದನ್ನೆಲ್ಲ ತೋಳಿನಿಂದ ಬಳಿದು ಕೆಡವಿದ. ರಸೀತಿ ಪುಸ್ತಕದ ಜೊತೆ ಆ ಕಪ್ಪು ಫ್ಲಾಪಿಯೂ ಬಿತ್ತು. ಅದನ್ನು ತುಳಿದುಕೊಂಡೇ ಅವನು ಅಣ್ಣಮ್ಮನ ಹತ್ತಿರ ಬಂದು, ಜಡೆ ಸುತ್ತಿ ಹಿಡಿದು, ತಲೆಯನ್ನು ಮೇಜಿನ ಅಂಚಿಗೆ ಗುದ್ದಿದ. ಎರಡು ಸಲ.

"ನೆಗೆಟಿವ್ ಎಲ್ಲೇ?"

ಆಗ ಅವನ ಜೇಬಿನಲ್ಲಿ ಫೋನು ಕೂಗಿತು.

ಅವನು ಜಡೆ ಬಿಟ್ಟ. ಫೋನು ತೆಗೆದು ನೋಡಿದ. ಪೇಟೆ ಬೀದಿಯಲ್ಲಿ ಸಿಗ್ನಲ್ಲು ಅಂಗಡಿಯೊಳಗೆ ನಿಲ್ಲುತ್ತಿರಲಿಲ್ಲ. "ಹಲೋ, ಹಲೋ, ಒಂದ್ನಿಮಿಷ ಇರಿ ಸಾರ್" ಎನ್ನುತ್ತ, ಮಚ್ಚನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬೀದಿಗಿಳಿದ. ಬೀದಿಯ ಜನ ದೂರ ನಿಂತು ನೋಡುತ್ತಿದ್ದರು. ಅವನು ಅವರ ಮುಂದೆಯೇ ಅತ್ತಿಂದಿತ್ತ ಓಡಾಡುತ್ತ, ನಲವತ್ತು ಎಂ.ಎಂ. ಜಲ್ಲಿ ಎಷ್ಟು ಲೋಡು, ಸೋಮವಾರಕ್ಕೆ ಆಗುತ್ತದೆ ಎಂದು ವಿನಯವಾಗಿ ಮಾತಾಡಿದ.

ಅಣ್ಣಮ್ಮ ನೆಲದ ಮೇಲೆ ತೆವಳಿದಳು. ಕಣ್ಣಿಗೆ ರಕ್ತ ಇಳಿದು ಸರಿಯಾಗಿ ಕಾಣುತ್ತಿರಲಿಲ್ಲ. ಕೈಯಾಡಿಸಿ ಫ್ಲಾಪಿ ಹುಡುಕಿ ರವಿಕೆಯೊಳಗೆ ತುರುಕಿಕೊಂಡಳು. ಎದ್ದು ಬಾಗಿಲಿಗೆ ಬಂದು ಶಟರಿನ ಹಿಡಿ ಹಿಡಿದು ಎಳೆದಳು. ಸೊಂಟದ ಮಟ್ಟಕ್ಕೆ ಬಂದು ಅದು ಸಿಕ್ಕಿಕೊಂಡಿತು. ಮಳೆಗಾಲದಲ್ಲಿ ಅದು ಹಾಗೇ. ಅವಳು ಬಗ್ಗಿ, ಬಲಗೈಯನ್ನು ಅಂಚಿನ ಹೊರಗೆ ಹಾಕಿ ಕೆಳಕ್ಕೆ ಜಗ್ಗತೊಡಗಿದಳು. ಹೊರಗೆ ಮಾತು ನಿಂತಿತು. ಹೊನ್ನಪ್ಪ, "ಅಣ್ಣಮ್ಮ, ಕೈ ತಕ" ಎಂದದ್ದು ಬಲಗಿವಿಗೆ ಕೇಳಿಸಿತು. ಮಚ್ಚು ಬಿತ್ತು. ತಗಡಿಗೆ ಬಿದ್ದ ಸದ್ದು ಮೊದಲು ಬಂತು. ತೋರುಬೆರಳೂ ನಡುಬೆರಳೂ ಬುಡದಿಂದ ಹೋಗಿ ಹೊರಗಿನ ಮೆಟ್ಟಿಲ ಮೇಲೆ ಬಿದ್ದವು.

ರವೀಂದ್ರ ಶಟರು ಎತ್ತಿ ಒಳಗೆ ಕಾಲಿಟ್ಟ. ಮಚ್ಚು ಇನ್ನೊಮ್ಮೆ ಮೇಲೆದ್ದಿತ್ತು. ಹೊನ್ನಪ್ಪ ಹಿಂದಿನಿಂದ, ಕೆಂಡ ತುಂಬಿದ ಇಸ್ತ್ರಿ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಅವನ ತಲೆಯ ಹಿಂಬದಿಗೆ ಬೀಸಿದ. ಮುಚ್ಚಳ ತೆರೆದುಕೊಂಡು ಕೆಂಡವೆಲ್ಲ ಅಂಗಿಯೊಳಗೆ ಇಳಿಯಿತು. ರವೀಂದ್ರ ಬೊಬ್ಬೆ ಹಾಕುತ್ತ ಬಿದ್ದ. ಆವರೆಗೆ ದೂರ ನಿಂತಿದ್ದ ಬೀದಿ ಒಮ್ಮೆಲೇ ಒಳಗೆ ನುಗ್ಗಿತು. ಕಾಲಲ್ಲಿ, ಕೋಲಲ್ಲಿ, ಹೊನ್ನಪ್ಪನ ಅಂಗಡಿಯ ಕಬ್ಬಿಣದ ಗಜಕಡ್ಡಿಯಲ್ಲಿ ಹೊಡೆದರು. ಭುಜದ ಮೂಳೆ ಮುರಿದದ್ದು ಎಲ್ಲರಿಗೂ ಕೇಳಿಸಿತು. ಮೊಬೈಲನ್ನು ಯಾರೋ ಕಲ್ಲಿನಿಂದ ಜಜ್ಜಿದರು. ಅಣ್ಣಮ್ಮ ಬಲಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡು, ಎಡಗೈಯಲ್ಲಿ ಕ್ಯಾಮೆರಾ ಸ್ಟ್ಯಾಂಡು ಎತ್ತಿಕೊಂಡು ಬಂದು, ಬಿದ್ದಿದ್ದವನ ಮುಖಕ್ಕೆ ಎರಡೇಟು ಹೊಡೆದಳು. ಮೂರನೆಯದಕ್ಕೆ ಎತ್ತಿದಾಗ ಹೊನ್ನಪ್ಪ ಸ್ಟ್ಯಾಂಡು ಕಿತ್ತುಕೊಂಡ. "ಸಾಕು ಕಣಮ್ಮ. ಸತ್ತೋಯ್ತನೆ" ಅಂದ.

ಸರ್ಕಾರಿ ಆಸ್ಪತ್ರೆಯಲ್ಲಿ ಬೆರಳು ಜೋಡಿಸಲು ಆಗಲಿಲ್ಲ. ಗಾಯದ ಫೋಟೋ ಬೇಕೆಂದು ಪೊಲೀಸರು ಬಸ್ ಸ್ಟ್ಯಾಂಡಿನ ಫೋಟೋಗ್ರಾಫರ್ ನಂಜಪ್ಪನನ್ನು ಕರೆತಂದರು. ನಂಜಪ್ಪ ಹತ್ತು ವರ್ಷದಿಂದ ಅಣ್ಣಮ್ಮನ ಎದುರಾಳಿ, ಅವಳಿಂದಾಗಿ ಪೊಲೀಸರ ಕೆಲಸ ಕಳೆದುಕೊಂಡವನು. ಅವನು ಕ್ಯಾಮೆರಾ ಹಿಡಿದು ಹತ್ತಿರ ಬಂದಾಗ ಮಂಚದ ಮೇಲಿನಿಂದ ಅವಳು, "ಇಷ್ಟ್ ತಾವಿಂದ ಫ್ಲ್ಯಾಶ್ ಒಡಿಬ್ಯಾಡ, ಗಾಯ ಬೆಳ್ಳಗೆ ಬತ್ತದೆ. ಪಕ್ಕದಿಂದ ಒಡಿ" ಅಂದಳು. ನಂಜಪ್ಪ ಪಕ್ಕಕ್ಕೆ ಬಂದ. ಫೋಟೋ ತೆಗೆದು, ರೀಲು ಸುತ್ತಿ, ಹೊರಗೆ ಹೋದ.

ಸಂಜೆಗೆ ಪ್ರಮೀಳಾ ಬಂದಳು. ಕೋಣೆಯ ಕಿಟಕಿಯ ಸರಳು ಬಗ್ಗಿಸಿಕೊಂಡು ಇಳಿದು, ಪಾಲಹಳ್ಳಿಯಿಂದ ನಡೆದೇ ಬಂದಿದ್ದಳು. ಬ್ಯಾಂಡೇಜನ್ನು ನೋಡಿ ಮಂಚದ ಕಾಲಿಗೆ ಒರಗಿ ನೆಲದಲ್ಲಿ ಕೂತಳು.

"ನಾನ್ ಬಾಯಿ ಬುಟ್ಟೆ ಅಕ್ಕ. ಅದ್ಕೆ ಇಂಗಾಯ್ತು."

ಅಣ್ಣಮ್ಮನಿಗೆ ಆ ಕ್ಷಣ ಅವಳ ಮೇಲೆ ಸಿಟ್ಟು ಬಂದಿತ್ತು. ಅದನ್ನು ಅವಳು ಮುಚ್ಚಿಡಲಿಲ್ಲ. ಸ್ವಲ್ಪ ಹೊತ್ತು ಆ ಕಡೆ ತಿರುಗಿ ಮಲಗಿದಳು. ಆಮೇಲೆ ಎಡಗೈಯಿಂದ ರವಿಕೆಯೊಳಗಿನ ಫ್ಲಾಪಿ ತೆಗೆದು ಕೊಟ್ಟಳು. "ಸಹನ ಅಂತ ಮೈಸೂರಲ್ಲಿ ಅವ್ಳೆ. ಅವ್ಳ ತಾವ ಓಗು. ಈ ಸಲ ಬಾಯಿ ಬುಡು" ಅಂದಳು.

ಫ್ಲಾಪಿಯ ತಗಡು ಬಗ್ಗಿತ್ತು, ಮೇಲೆ ರಕ್ತ ಒಣಗಿತ್ತು. ಸಹನ ಅದನ್ನು ಒರೆಸಿ, ತಗಡು ಕಿತ್ತು, ಕಂಪ್ಯೂಟರಿಗೆ ಹಾಕಿದಳು. ನಾಲ್ಕು ಚಿತ್ರಗಳಲ್ಲಿ ಎರಡು ತೆರೆದವು. ಕಾಗದದ ಮೇಲೆ ಅಚ್ಚಾಗಿ ಬಂದ ಆ ಬೆನ್ನನ್ನು ನೋಡಿ, ತಾನೇ ಪ್ರಮೀಳಾಳ ಜೊತೆ ಠಾಣೆಗೆ ಬಂದು ದೂರು ಬರೆಸಿದಳು.

ಕೇಸು ಸುಮಾರು ಒಂದೂವರೆ ವರ್ಷ ನಡೆಯಿತು. ಅಣ್ಣಮ್ಮ ಕಟಕಟೆಯಲ್ಲಿ ನಿಂತು ಎಲ್ಲ ಹೇಳಿದಳು. ಬಿದ್ದವನಿಗೆ ತಾನೂ ಎರಡೇಟು ಹಾಕಿದೆ ಎಂದೂ ಹೇಳಿದಳು. ಬೆನ್ನಿನ ಫೋಟೋದ ವಿಷಯ ಬಂದಾಗ ರವೀಂದ್ರನ ವಕೀಲ ಎದ್ದು ಇದರ ನೆಗೆಟಿವ್ ಎಲ್ಲಿ ಎಂದು ಕೇಳಿದ. ಇಲ್ಲ ಎಂದಳು.

"ನೆಗೆಟಿವ್ ಇಲ್ಲದ ಮೇಲೆ ಇದನ್ನ ಫೋಟೋ ಅಂತ ಹೇಗೆ ಹೇಳ್ತೀರಿ? ಕಂಪ್ಯೂಟರಿನಲ್ಲಿ ಯಾರು ಬೇಕಾದರೂ ಗೆರೆ ಎಳೀಬಹುದಲ್ಲವಾ?"

"ಗೆರೆ ಎಳೆದಿದ್ದು ಅವ್ನು ಸ್ವಾಮಿ. ನಾನು ತೆಗ್ದೆ ಅಷ್ಟೇ."

ನ್ಯಾಯಾಧೀಶರು ಆ ಕಾಗದವನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದಿದ್ದರು. ಆದರೂ ಪಕ್ಕಕ್ಕಿಟ್ಟರು. ಇಂಥ ಸಾಕ್ಷ್ಯವನ್ನು ಒಪ್ಪುವ ದಾರಿ ಅವರ ಮುಂದಿರಲಿಲ್ಲ. ಪ್ರಮೀಳಾಳ ಮೈಮೇಲೆ ಗುರುತುಗಳು ಉಳಿದಿರಲಿಲ್ಲ, ತಾರಸಿಯಲ್ಲಿ ಹೊಡೆದದ್ದನ್ನು ನೋಡಿದ ಅಕ್ಕಪಕ್ಕದವರು ಯಾರೂ ನೋಡಿಲ್ಲವೆಂದರು. ಹೆಂಡತಿಯನ್ನು ಹಿಂಸಿಸಿದ ಆರೋಪ ಬಿದ್ದುಹೋಯಿತು. ಮಚ್ಚಿನಿಂದ ಕಡಿದದ್ದಕ್ಕೆ ನಂಜಪ್ಪನ ಫೋಟೋಗಳಿದ್ದವು, ನೆಗೆಟಿವ್ ಸಮೇತ. ಅದಕ್ಕೆ ನಾಲ್ಕು ವರ್ಷ ಜೈಲಾಯಿತು. ತೀರ್ಪು ಬಂದದ್ದು ತೊಂಬತ್ತೊಂಬತ್ತರ ಡಿಸೆಂಬರಿನಲ್ಲಿ.

ಪ್ರಮೀಳಾ ಆ ಹೊತ್ತಿಗೆ ತವರಲ್ಲಿದ್ದಳು. ಅಪ್ಪ ಮೊದಲು ಸೇರಿಸಲಿಲ್ಲ, ಜಗುಲಿಯಲ್ಲಿ ಎರಡು ರಾತ್ರಿ ಮಲಗಿದ ಮೇಲೆ ತಾಯಿ ಬಾಗಿಲು ತೆಗೆದಳು. ಎರಡು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಿದ್ದಳು. ಕೋರ್ಟಿನ ಕಡೆಯ ದಿನ ತೀರ್ಪು ಕೇಳಿ, "ನಂದು ಸುಳ್ಳಾಯ್ತು, ನಿಂದು ನಿಜ ಆಯ್ತು, ಅಲ್ವಾ ಅಕ್ಕ" ಎಂದು ಬಸ್ಸು ಹತ್ತಿ ಹೋದಳು.

ಒತ್ತುವ ಬೆರಳೇ ಹೋಗಿದ್ದರಿಂದ ಅಣ್ಣಮ್ಮ ಹೊಸದಾಗಿ ಕೊಂಡ ಕ್ಯಾಮೆರಾವನ್ನು ತಲೆಕೆಳಗು ಹಿಡಿದು ಎಡಗೈ ಹೆಬ್ಬೆರಳಿನಿಂದ ಒತ್ತುವುದನ್ನು ಕಲಿತಳು. ಆರು ತಿಂಗಳು ಫೋಟೋಗಳೆಲ್ಲ ಓರೆಯಾದವು. ಮದುವೆಗಳಿಗೆ ಕರೆಯುವವರು ಕಡಿಮೆಯಾದರು, ಬೆರಳಿಲ್ಲದ ಕೈ ಶುಭಕ್ಕೆ ಆಗದು ಎಂದು ಕೆಲವರು ನೇರವಾಗಿಯೇ ಹೇಳಿದರು. ಪೊಲೀಸರು ಮಾತ್ರ ಬಿಡಲಿಲ್ಲ.

ತೀರ್ಪಾಗಿ ಒಂದು ವಾರದ ಮೇಲೆ ರವೀಂದ್ರನ ತಾಯಿ ಚಿಕ್ಕಬೋರಮ್ಮ ಸ್ಟುಡಿಯೋಗೆ ಬಂದಳು. ಹೊನ್ನಪ್ಪ ಹೊಲಿಗೆ ನಿಲ್ಲಿಸಿ ಎದ್ದು ನಿಂತ. ಮುದುಕಿ ಅವನ ಕಡೆ ನೋಡದೆ ಒಳಗೆ ಬಂದು, "ಕೋರ್ಟಲ್ಲಿ ಇಟ್ಟಿದ್ರಲ್ಲ, ಆ ಫೋಟೋ ನಾನು ನೋಡ್ಬೇಕು" ಅಂದಳು.

"ಯಾಕೆ?"

"ಯಾಕೂ ಇಲ್ಲ."

ಅಣ್ಣಮ್ಮನ ಬಳಿ ಇನ್ನೊಂದು ಪ್ರತಿ ಇತ್ತು. ಹರಿದು ಹಾಕಿಯಾಳು ಎಂಬ ಅನುಮಾನದಿಂದ ಅದನ್ನು ತಾನೇ ಹಿಡಿದು ತೋರಿಸಿದಳು. ಚಿಕ್ಕಬೋರಮ್ಮ ಹತ್ತಿರ ಬಗ್ಗಿ, ಕಣ್ಣು ಕಿರಿದು ಮಾಡಿಕೊಂಡು, ಮೇಲಿನಿಂದ ಕೆಳಗಿನವರೆಗೆ ಓದುವವಳ ಹಾಗೆ ನೋಡಿದಳು. ಭುಜದ ಗಾಯದ ಮೇಲೆ ಬೆರಳಿಟ್ಟಳು.

"ಅವನಪ್ಪ ಎತ್ತಿನ ಬಾರ್ಕೋಲಲ್ಲಿ ಒಡೀತಿದ್ರು" ಅಂದಳು. "ನಂದು ಇದಕ್ಕಿಂತ ಜಾಸ್ತಿನೇ ಇತ್ತೇನೋ. ನಾನು ಯಾವತ್ತೂ ನೋಡ್ನಿಲ್ಲ."

ಅಣ್ಣಮ್ಮ ಕುರ್ಚಿ ಎಳೆದು ಕೊಟ್ಟಳು. ಮುದುಕಿ ಕೂರಲಿಲ್ಲ. ಜೈಲಿಗೆ ಮಗನನ್ನು ನೋಡಲು ಹೋಗಬೇಕು, ಬಸ್ಸಿನ ಹೊತ್ತಾಯಿತು ಎಂದು ಮೆಟ್ಟಿಲಿಳಿದಳು.